ಅಂಬಾಸಿಡರಿನ ತಳಕ್ಕೊಂದು ತೇಪೆ

ಧರೆಪ್ಪನ ಹಳೇ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಕೂತರೆ ಕಾಲ ಬುಡದಲ್ಲೇ ರಸ್ತೆ ಕಾಣುತ್ತಿತ್ತು. ಬೋರಗಾಂವದ ಹೊಲಕ್ಕೆ ಗೊಬ್ಬರದ ಚೀಲಗಳನ್ನು ಅದರಲ್ಲೇ ಹೇರಿ ಹೇರಿ, ಸೋರಿದ ಗೊಬ್ಬರ ತಳದ ತಗಡನ್ನು ಮೆಲ್ಲಗೆ ತಿಂದುಹಾಕಿತ್ತು. ಎಡಗಡೆ ಅಂಗೈಯಗಲದ ತೂತು. ಬಾಗಿಲ ಕೆಳಅಂಚು ಸುಟ್ಟ ಹಪ್ಪಳದಂತೆ ಉದುರುತ್ತಿತ್ತು. ಧರೆಪ್ಪನಿಗೆ ಇದರಿಂದೇನೂ ತೊಂದರೆ ಇರಲಿಲ್ಲ. ಅವನು ಕೂರುವುದು ಮುಂದೆ.

ತೊಂದರೆ ಎದ್ದದ್ದು ಮಗನ ಮೊದಲ ಕೂದಲು ತೆಗೆಸುವ ಜಾವಳದ ಹಿಂದಿನ ದಿನ. ಸಂಜೆ ನಿಪ್ಪಾಣಿಗೆ ಹೋಗಿ ಮಾವ ಬಾಬಾಸಾಹೇಬರನ್ನು ಕರೆತರಬೇಕಿತ್ತು. ಮಾವ ತಂಬಾಕಿನ ವ್ಯಾಪಾರಿ; ಮಾತು ಕಮ್ಮಿ, ಸಿಟ್ಟು ಜಾಸ್ತಿ.

ಹೆಂಡತಿ ಮಂಗಲ ಚಹಾದ ಬಟ್ಟಲು ಇಡುತ್ತಲೇ ಹೇಳಿದಳು, "ಹೋದ ಸಲ ನಮ್ಮಪ್ಪ ದಾರಿ ಉದ್ದಕ್ಕೂ ಆ ತೂತ ನೋಡಕೋತ, ತಲಿ ತಗ್ಗಿಸಿಕೊಂಡ ಬಂದಾನ. ಅಳಿಯನ ಗಾಡಿ ನೋಡಿ ಮಾನ ಹೋದಂಗ ಆಗಿರಬೇಕು. ಅದನ್ನ ಮುಚ್ಚದ ಕರಕೊಂಡ ಬಂದ್ರ ನಾಳೆ ನಾ ಹೊರಗ ಬರೂದಿಲ್ಲ ನೋಡ್ರಿ."

ನಿಪ್ಪಾಣಿಯ ಗ್ಯಾರೇಜಿನವರು ಗಾಡಿಯನ್ನು ಒಂದು ವಾರ ಬಿಡಬೇಕು ಎಂದಿದ್ದರು. ಧರೆಪ್ಪ ತಾನೇ ಉಳಿ, ಸುತ್ತಿಗೆ ಹಿಡಿದು ಕೂತ.

ಪಕ್ಕದ ಮನೆಯ ಧನಪಾಲ ಮಗ್ಗ ನಿಲ್ಲಿಸಿ ಬಂದು ಹತ್ತಿರವೇ ಕುಕ್ಕರಗಾಲಲ್ಲಿ ಕುಳಿತ. ತುಕ್ಕು ಒಂದಿಷ್ಟು ಉಳಿದರೂ ಒಳಗಿಂದೊಳಗೆ ಮತ್ತೆ ಹಬ್ಬುತ್ತದೆ, ಬೆಳ್ಳಗಿನ ತಗಡು ಕಾಣುವ ತನಕ ಕೆರೆಯಬೇಕು ಎಂದು ಅವನ ಸಲಹೆ. ಧರೆಪ್ಪ ಕೆರೆದ. ಬೆಳ್ಳಗಿನ ತಗಡು ಎಲ್ಲೂ ಸಿಗಲಿಲ್ಲ. ಅಂಗೈಯಗಲದ ತೂತು ಮಾತ್ರ ಊಟದ ತಾಟಿನಗಲವಾಯಿತು. ಎದುರು ಮನೆಯ ಮುದುಕಿ ಸತ್ತೆವ್ವ ಬಗ್ಗಿ ನೋಡಿ, "ಮುಚ್ಚಾಕತ್ತೀಯೋ ತಗಿಯಾಕತ್ತೀಯೋ ತಮ್ಮಾ?" ಎಂದು ಶಾಂತವಾಗಿ ಕೇಳಿದಳು.

ಕೊನೆಗೆ ಅವಳೇ ಒಂದು ಖಾಲಿ ಎಣ್ಣೆ ಡಬ್ಬಿ ಕೊಟ್ಟಳು. ಧರೆಪ್ಪ ಅದನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ತೂತಿನ ಮೇಲಿಟ್ಟು ಸುತ್ತಲೂ ರಿವೆಟ್ ಹೊಡೆದ. ಬಾಗಿಲಿಗೂ ಒಂದು ಪಟ್ಟಿ ಕೂಡಿಸಿದ. ಆಮೇಲೆ ಅಂಗಾತ ಮಲಗಿ ಕಾರಿನಡಿ ತೂರಿ ಕೆಂಪು ಪ್ರೈಮರ್ ಬಣ್ಣ ಬಳಿಯುವಾಗ ಅದರ ಡಬ್ಬಿ ವಾಲಿ ಹಣೆಯ ಮೇಲೆಲ್ಲ ಸುರಿಯಿತು. ಹೊರಗೆ ತೆವಳಿ ಬಂದವನನ್ನು ನೋಡಿದ ಸತ್ತೆವ್ವ ತಲೆ ಒಡೆದಿದೆ ಎಂದು ತಿಳಿದು, ಬಾಯಿ ತೆಗೆಯಲೂ ಬಿಡದೆ, ಒಂದು ಹಿಡಿ ಅರಿಷಿಣ ತಂದು ಒತ್ತಿಬಿಟ್ಟಳು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಎರಡನೇ ಮದುವೆಗೆ ಹೊರಟ ಮದುಮಗನಂತೆ ಅವನು ನಿಪ್ಪಾಣಿಗೆ ಹೋದ.

ಬಾಬಾಸಾಹೇಬರು ಅಳಿಯನ ಹಣೆ ನೋಡಿದರು. ಧೋತರದ ಚುಂಗು ಎತ್ತಿಕೊಂಡು ಯಾವತ್ತಿನಂತೆ ಹಿಂದೆ ಎಡಗಡೆ ಕೂತರು. ಊರು ದಾಟಿ ಕಬ್ಬಿನ ಗದ್ದೆಗಳು ಬರುವಾಗ ಧರೆಪ್ಪನ ಮನಸ್ಸು ಹಗುರಾಗಿತ್ತು. ಮಾವ ಈ ಸಲ ತಲೆ ಎತ್ತಿ ಬರುತ್ತಾರೆ ಎಂದು ಕನ್ನಡಿಯಲ್ಲಿ ನೋಡಿದ. ಅವರು ಆಗಲೇ ತಲೆ ತಗ್ಗಿಸಿದ್ದರು.

ಪಚಕ್ ಎಂದು ಸದ್ದಾಯಿತು.

"ಗಾಡಿ ನಿಂದ್ರಸು," ಎಂದರು ಮಾವ.

ಜಾವಳಕ್ಕೆಂದು ಉಟ್ಟ ಹೊಸ ಬಿಳಿ ಧೋತರದ ತುಂಬ ಎಲೆ-ತಂಬಾಕಿನ ರಸ ಸಿಡಿದಿತ್ತು. ಹೊಸ ತಗಡಿನ ಮೇಲೆ ಉಳಿದದ್ದು ಕೆಂಪಗೆ ನಿಂತಿತ್ತು.

"ಇಲ್ಲಿ ತೂತಿತ್ತಲ್ಲ, ಎಲ್ಲಿ ಹೋತು?"

"ನಾನ ಮುಚ್ಚಿದ್ನಿರಿ ಮಾವಾರ. ನಿಮಗ ತ್ರಾಸ ಆಗತೈತಿ ಅಂತ."

"ಊರಾಗ ಬೀಗರ ಗಾಡಿ ಅದಾವ, ಒಂದರಾಗೂ ನಾ ಕುಂದ್ರೂದಿಲ್ಲ. ಕಿಡಕಿಯಿಂದ ಉಗುಳಿದ್ರ ಗಾಳಿಗೆ ಮಾರಿಗೇ ಬರತೈತಿ. ನಿನ್ನ ಗಾಡ್ಯಾಗ ಕಾಲ ಬುಡದಾಗ ಉಗುಳಾಕ ಒಂದ ಸೋಯಿ ಇತ್ತು. ತಗಿ ಅದನ್ನ."

ಹೆದ್ದಾರಿಯ ಬದಿಯಲ್ಲಿ, ಜ್ಯಾಕಿನ ರಾಡು ಹಿಡಿದು, ಧರೆಪ್ಪ ದಿನವಿಡೀ ಬಡಿದು ಕೂಡಿಸಿದ್ದ ತಗಡನ್ನು ಒಡೆಯತೊಡಗಿದ. ಮಾವ ಮೇಲೆ ನಿಂತು ತೂತಿನ ಅಳತೆ ನೋಡುತ್ತಿದ್ದರು.

"ಇನ್ನ ಸ್ವಲ್ಪ ದೊಡ್ಡದ ಮಾಡು," ಎಂದರು. "ನನಗೂ ವಯಸ್ಸಾತು. ಗುರಿ ತಪ್ಪತೈತಿ."