ಅತ್ತೆಯವರ ಮಾತ್ರೆ, ನನ್ನ ಪುಡಿ

ಸುಲಭವಾಗಿ ಕರಗದ ಔಷಧವನ್ನು ನುಣ್ಣಗೆ ಪುಡಿ ಮಾಡಿದರೆ ಬೇಗ ಕರಗುತ್ತದೆ. ಪರೀಕ್ಷೆಯಲ್ಲಿ ಈ ಉತ್ತರ ಬರೆದೇ ನಾನು ಫಾರ್ಮಸಿ ಪಾಸಾದವನು! ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಜೊಯಿಡಾದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ನನಗೆ ಈ ವಿದ್ಯೆಯನ್ನು ಮನೆಯಲ್ಲೇ ಮೆರೆಸುವ ಸುಯೋಗ ಒದಗಿತು.

ಮುಂಡಗೋಡದಿಂದ ಬಂದಿದ್ದ ಅತ್ತೆಯವರಿಗೆ ಕೈತುಂಬ ಗಜಕರ್ಣದ ತುರಿಕೆ ಕಲೆ. ನಮ್ಮ ಮಗಳು ತೋಳು ಚಾಚಿದರೆ ಸಾಕು, ಕೂಸಿಗೆ ಹತ್ತೀತೆಂದು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಚೆ ತಿರುಗುತ್ತಿದ್ದರು. ದಾಂಡೇಲಿಯ ಡಾಕ್ಟರು ಮಾತ್ರೆ ಬರೆದುಕೊಟ್ಟರು.

"ಗಂಟಲದಾಗ ಸಿಗ್ತಾವ್ರೀ ಅಳ್ಯಾರ, ನಾ ನುಂಗಾಂಗಿಲ್ಲ," ಎಂದರು ಅತ್ತೆ.

"ಚಿಂತಿ ಬಿಡ್ರಿ! ಪುಡಿ ಮಾಡಿ ನೀರಾಗ ಕರಗಿಸಿ ಕೊಡ್ತೇನಿ. ಶರಬತ್ತಿನಂಗ ಕುಡೀರಿ."

ಕುಟ್ಟಿದೆ, ಅರೆದೆ, ಹೆಂಡತಿ ಗಿರಿಜಾಳ ತೆಳು ಸೀರೆಯಲ್ಲಿ ಸೋಸಿದೆ. ಅದು ಹೊಸ ಸೀರೆಯೆಂದು ಆಮೇಲೆ ತಿಳಿಯಿತು. ಪುಡಿಯನ್ನು ನೀರಿಗೆ ಸುರಿದರೆ ಕರಗುವುದಿರಲಿ, ಮುಳುಗಲೂ ಒಪ್ಪಲಿಲ್ಲ! ಇನ್ನಷ್ಟು ಅರೆದೆ. ಗಂಟುಗಂಟಾಗಿ ತೇಲಿತು. ಕೊನೆಗೆ ಕಡಗೋಲು ಹಿಡಿದೆ.

"ಮಜ್ಜಿಗಿ ಕಡ್ಯಾಕತ್ತೀರೇನ್ರೀ?" ಗಿರಿಜಾ ಕೇಳಿದಳು.

ಪಾಪ, ಅತ್ತೆ ಕಣ್ಣುಮುಚ್ಚಿ ಕುಡಿದರು. ನೀರು ಹೊಟ್ಟೆಗೆ ಹೋಯಿತು, ಪುಡಿ ಲೋಟಕ್ಕೆ ಅಂಟಿತು.

"ಔಷಧ ಎಲ್ಲಿ ಹೋತವ್ವಾ?" ಅತ್ತೆ ಗಿರಿಜಾಳನ್ನು ಕೇಳಿದರು.

"ಅರ್ಧ ಲೋಟದಾಗ ಐತಿ, ಅರ್ಧ ನಿಮ್ಮ ಅಳಿಯನ ಮೀಸ್ಯಾಗ ಐತಿ!"

ಈ ಸಮುದ್ರಮಥನ ದಿನವೂ ನಡೆಯಿತು. ಗಜಕರ್ಣ ಮಾತ್ರ ಮೊಳಕೈ ದಾಟಿ ಮೇಲೇರಿತು. ಹೆದರಿ ದಾಂಡೇಲಿಗೆ ಓಡಿದೆವು.

ನನ್ನ ಪುಡಿಯ ಕಥೆ ಕೇಳಿ ಡಾಕ್ಟರು ನಕ್ಕರು. "ಕಂಪನಿಯವ್ರು ನುಣ್ಣಗ ಮಾಡೇ ಮಾತ್ರಿ ಕಟ್ಟಿರ್ತಾರ್ರೀ. ಈ ಔಷಧಕ್ಕ ನೀರಂದ್ರ ಆಗೂದಿಲ್ಲ, ಜಿಡ್ಡಂದ್ರ ಪ್ರೀತಿ. ಊಟದಾಗ ತುಪ್ಪ ಹಾಕಿ ಕೊಡ್ರಿ."

ಬಸ್ಸಿನಲ್ಲಿ ಯೋಚಿಸಿದೆ. ಎಷ್ಟೇ ನುಣ್ಣಗಾದರೂ, ನೀರು ಬಂದು ಮುಟ್ಟದ ಕಣ ಕರಗುವುದು ಹೇಗೆ? ಪುಸ್ತಕದ ಮರುಪುಟದಲ್ಲಿ ಇದೂ ಇತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ!

ಗಿರಿಜಾ ಮಾತ್ರೆಯನ್ನು ತುಂಡು ಮಾಡಿ ತುಪ್ಪದನ್ನದ ತುತ್ತಿನಲ್ಲಿಟ್ಟು ತಾಯಿಗೆ ಉಣಿಸತೊಡಗಿದಳು. ಸರಾಗವಾಗಿ ಇಳಿಯಿತು. ವಾರಗಳು ಉರುಳಿದವು. ಕಲೆಗಳು ಮಾಸಿದವು. ಒಂದು ಮುಂಜಾನೆ ಅತ್ತೆ ತಾವಾಗಿಯೇ ಮೊಮ್ಮಗಳನ್ನು ಎತ್ತಿ ಎದೆಗವಚಿಕೊಂಡು, ಎಷ್ಟೋ ಹೊತ್ತು ಕೆಳಗಿಳಿಸಲಿಲ್ಲ. ನಾನು ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಅತ್ತೆ ಊರಿಗೆ ಹೊರಟಾಗ ಅವರ ಕಾಲಿಗೆ ನಮಸ್ಕರಿಸಿದೆ. ತಲೆಯ ಮೇಲೆ ಕೈಯಿಟ್ಟು ಹರಸಿದರು:

"ನೂರ್ಕಾಲ ಬಾಳ್ರಿ ಅಳ್ಯಾರ. ಅಂಗಡಿ ನಡಸ್ರಿ, ಔಷಧ ಮಾರ್ರಿ. ಮಾಡಾಕ ಮಾತ್ರ ಹೋಗಬ್ಯಾಡ್ರಿ!"