ಕರಿಯನ ಮೇಲೊಂದು ಪ್ರಬಂಧ

ಇಂಗ್ಲಿಷ್ ಬರುತ್ತದೆ ಎಂಬ ಸಂಗತಿ ನೆರೆಹೊರೆಯವರಿಗೆ ಗೊತ್ತಾಗಬಾರದು. ಗೊತ್ತಾಯಿತೋ, ಸಂಜೆ ನೆಮ್ಮದಿಯಾಗಿ ಕಾಫಿ ಕುಡಿಯುವುದಕ್ಕೂ ಬಿಡುವುದಿಲ್ಲ. ನಾನು ನಾಗಮಂಗಲದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು, ನಿವೃತ್ತನಾಗಿ ಬಿಂಡಿಗನವಿಲೆಗೆ ಬಂದು ಕೂತವನು. ನನ್ನದು ಅಪ್ಪಟ ಕಡತದ ಇಂಗ್ಲಿಷ್. ಹಾಗಾಗಿ ನನ್ನ ಹತ್ತಿರ ಹೇಳಿಸಿಕೊಳ್ಳಲು ಬರುವ ನಮ್ಮ ಬೀದಿಯ ಮಕ್ಕಳು ‘ನನ್ನ ಗೆಳೆಯ’ ಎಂಬ ಪ್ರಬಂಧವನ್ನೂ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಶುರುಮಾಡುತ್ತಾರೆ. “ಪಾಪ, ಆ ಮಕ್ಳು ನಿಮ್ಗೇನ್ ಮಾಡಿದ್ವು?” ಎಂದು ಹೆಂಡತಿ ಕೇಳುತ್ತಿರುತ್ತಾಳೆ.

ಹಿಂದಿನ ಬೀದಿಯ ಪುಟ್ಟಸ್ವಾಮಿಯ ಮಗಳು ಚೈತ್ರ, ಏಳನೇ ಕ್ಲಾಸಿನವಳು, ಒಂದು ಸಂಜೆ ಬಂದಳು. ಸ್ಕೂಲಿನ ಇಂಗ್ಲಿಷ್ ಪ್ರಬಂಧ ಸ್ಪರ್ಧೆಗೆ ‘ನನ್ನ ಪ್ರೀತಿಯ ಪ್ರಾಣಿ’ ಬರೆಯಬೇಕಿತ್ತು. ಅವಳ ಪ್ರಾಣಿ ಕರಿಯ. ತಾಯಿಕುರಿ ಸತ್ತ ಮೇಲೆ ಬಾಟಲಿಯಲ್ಲಿ ಹಾಲು ಕುಡಿಸಿ ಅವಳೇ ಸಾಕಿದ ಟಗರು. “ಚೆನ್ನಾಗಿ ಬರ್ಸಿ ಸಾರ್. ಅಪ್ಪ ಕರಿಯನ್ನ ಸಂತೇಲಿ ಮಾರ್ಬುಡ್ತೀನಿ ಅಂತಾವ್ನೆ. ಪ್ರೈಜು ಬಂದ್ರೆ ಮನಸು ಕರಗ್ತದೇನೋ” ಎಂದಳು. ಕರಿಯ ಅಜ್ಜಿಗೆ ಗುಮ್ಮುತ್ತಾನೆ, ಚಪ್ಪಲಿ ಜಗಿಯುತ್ತಾನೆ, ತಾನು ಅತ್ತರೆ ಕೈ ನೆಕ್ಕುತ್ತಾನೆ ಎಂದು ಅವಳು ಬರೆದುಕೊಂಡು ಬಂದಿದ್ದಳು. ಇದೆಂಥ ವರ್ಣನೆ! ಅಜ್ಜಿಯನ್ನೂ ಚಪ್ಪಲಿಯನ್ನೂ ತೆಗೆಸಿ, ತುಂಬಿದ ತೊಡೆ, ಮಿರುಗುವ ಮೈ, ಕೊಬ್ಬಿದ ಕತ್ತು ಎಂದೆಲ್ಲ ಸೇರಿಸಿದೆ. ಕೈ ನೆಕ್ಕುವುದನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ.

ಮೊದಲ ಬಹುಮಾನವೇ ಬಂತು! ಪುಟ್ಟಸ್ವಾಮಿ ಮನೆಗೇ ಬಂದು, “ಭಾನ್ವಾರ ಬಾಡೂಟ ಸಾರ್, ಮೇಷ್ಟ್ರುಗಳೂ ಬತ್ತಾವ್ರೆ, ನೀವು ಬರ್ಲೇಬೇಕು” ಎಂದು ಕೈ ಹಿಡಿದುಕೊಂಡ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಪಂಕ್ತಿಯಲ್ಲಿ ಕೂತವನು ಮಾತಿಗೆಂದು, “ಎಲ್ಲಪ್ಪಾ ನಮ್ಮ ಕರಿಯ?” ಎಂದೆ.

ಪುಟ್ಟಸ್ವಾಮಿ ಒಲೆಯ ಮೇಲಿನ ಹಂಡೆ ತೋರಿಸಿದ. “ಸಂತೇಲಿ ಒಳ್ಳೆ ರೇಟು ಕೇಳಿದ್ರು, ಕೊಡ್ನಿಲ್ಲ ಸಾರ್. ನಮ್ ವಂಸದಾಗೆ ಇಂಗ್ಲೀಸಲ್ಲಿ ಯಾರ್ ಗೆದ್ದಿದ್ರು? ಇಂತಾ ದಿನ ಬರೀ ಕೋಳಿ ಕುಯ್ದ್ರೆ ಮರ್ವಾದಿ ಉಳೀತದಾ?” ಅವನ ಮುಖದಲ್ಲಿ ಹೆಮ್ಮೆಯೇ ಹೆಮ್ಮೆ. ಅವನನ್ನು ಬೈಯುವುದು ಹೇಗೆ? ನಮ್ಮ ಕಡೆ ಮನೆಗೆ ದೊಡ್ಡ ಸಂತೋಷ ಬಂದರೆ ಟಗರು ಬೀಳಲೇಬೇಕು. “ಇವತ್ತು ಬಾಡು ಮುಟ್ಟಲ್ಲಪ್ಪ, ಹರಕೆ ಇದೆ” ಎಂದು ಸುಳ್ಳು ಹೇಳಿದೆ. ಅವನ ಮುಖ ಬಾಡಿಹೋಯಿತು.

ಮುದ್ದೆ ಬಡಿಸುತ್ತಿದ್ದವಳು ಚೈತ್ರ. ಕಣ್ಣು ಊದಿಕೊಂಡಿದ್ದವು. ನನ್ನ ಎಲೆಯ ಮುಂದೆ ಬಗ್ಗಿ, “ತಿನ್ನಿ ಸಾರ್. ಅಪ್ಪಂಗೆ ಬೇಜಾರಾಯ್ತದೆ” ಎಂದು ಮೆಲ್ಲಗೆ ಹೇಳಿದಳು. ಅಯ್ಯೋ, ಆ ಮಗುವಿನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ತಲೆ ತಗ್ಗಿಸಿ ಮುದ್ದೆ ಮುರಿದು ಬಾಡಿನ ಸಾರಿಗೆ ಅದ್ದಿದೆ. ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಸಾರು ಬಹಳ ಚೆನ್ನಾಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಅವಳು ಸಾರು ಹಿಡಿದು ಮತ್ತೆ ಬಂದಾಗ ನಾನು ಬೇಡ ಎನ್ನಲಿಲ್ಲ.