ಕರೆಯದವರನ್ನು ಒಳಬಿಡದ ಡಿಫಾಲ್ಟ್ ನೆಟ್‌ವರ್ಕ್ ಮಹಾಶಯರಿಗೆ

ಕಾನಸೂರು
ಡಿಸೆಂಬರ್ ೨೦೦೯

ಮಾನ್ಯರೇ,

ಊರು ಯಾವುದೆಂದು ಹೇಳದ, ಮುಖ ತೋರದ, ಆದರೂ ಬಾಡಿಗೆಯ ಕಂಪ್ಯೂಟರು ಹುಟ್ಟುವ ಮೊದಲೇ ಅದರ ಬಾಗಿಲಿಗೆ ಅಡ್ಡ ನಿಂತಿರುವ ತಮ್ಮ ಪಾದಗಳಿಗೆ, ಪಾದಗಳಿರುವುದೇ ಆದರೆ, ಗದ್ದೆ ಉಳಿಸಿ ಬಳಗದ ನಮಸ್ಕಾರಗಳು.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಈಗ ಕಂಪ್ಯೂಟರನ್ನು ಕೊಳ್ಳಲೇಬೇಕೆಂದಿಲ್ಲ. ಪರದೇಶದ ಕಂಪನಿಯೊಂದು ತನ್ನ ದೊಡ್ಡ ಯಂತ್ರಗಳ ಹೊಟ್ಟೆಯೊಳಗೆ, ಕೈಗೆ ಸಿಗದ ಸಣ್ಣ ಯಂತ್ರಗಳನ್ನು ಮಾಡಿ ಇಂಟರ್ನೆಟ್ಟಿನಲ್ಲೇ ಬಾಡಿಗೆಗೆ ಕೊಡುತ್ತದೆ. ಪಡೆದವರು ಬೇರೇನೂ ಹೇಳದಿದ್ದರೆ ಆ ಯಂತ್ರದ ಸುತ್ತ ತಾನಾಗಿ ಬಂದು ಕೂರುವ ಬೇಲಿಯೇ ತಾವು. ತಮ್ಮ ಕಾನೂನಿನ ಪ್ರಕಾರ ಒಳಗಿನಿಂದ ಹೊರಗೆ ಏನು ಬೇಕಾದರೂ ಹೋಗಬಹುದು, ಹೊರಗಿನಿಂದ ಒಳಗೆ ಯಾರೂ ಬರುವಂತಿಲ್ಲ, ಒಳಗಿನವರು ತಾವಾಗಿ ಕೇಳಿದ್ದಕ್ಕೆ ಉತ್ತರ ತಂದವರನ್ನು ಮಾತ್ರ ಬಿಡಬಹುದು, ಮತ್ತು ಒಂದೇ ಗುಂಪಿನ ಯಂತ್ರಗಳು ತಮ್ಮತಮ್ಮೊಳಗೆ ಎಷ್ಟು ಹೊತ್ತಾದರೂ ಹರಟಬಹುದು. ಇದನ್ನು ತಿಳಿದಾಗ ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಕಚೇರಿಗಳ ಮೆಟ್ಟಿಲ ಮೇಲೆ ನಾವು ಚಪ್ಪಲಿ ಸವೆಸಿರುವುದು ಇದೇ ಕಾನೂನಿನಡಿಯಲ್ಲಿ. ನೋಟೀಸು ಅಲ್ಲಿಂದ ಗಾಳಿಯಂತೆ ಬರುತ್ತದೆ, ನಮ್ಮ ಅರ್ಜಿ ಬಾಗಿಲಲ್ಲೇ ಸಾಯುತ್ತದೆ. ಇಷ್ಟು ವರ್ಷದ ಆಡಳಿತದ ಅನುಭವವನ್ನು ತಾವು ಯಾರ ಕೈಕೆಳಗೂ ದುಡಿಯದೆ ಗಳಿಸಿದ್ದೀರಲ್ಲ, ಅದಕ್ಕೆ ಅಭಿನಂದನೆಗಳು.

ಈಗ ದೂರಿಗೆ ಬರುತ್ತೇನೆ. ನಾಗಿ ನಮ್ಮೂರ ಕಾಡಂಚಿನಲ್ಲಿ ಗದ್ದೆ ಮಾಡುವವಳು. ಅವಳ ಗಂಡನ ಮನೆಯವರು ತಲೆಮಾರುಗಳಿಂದ ಉತ್ತ ಆ ನೆಲ ಕಾಗದದ ಮೇಲೆ ಕಾಡು. ಅರಣ್ಯ ಹಕ್ಕಿನ ಹೊಸ ಕಾಯ್ದೆ ಬಂದ ಮೇಲೆ ಅವಳೂ ಹಕ್ಕು ಕೇಳಿದಳು. ಪತ್ರವಿಲ್ಲದವರಿಗೆ ಊರ ಹಿರಿಯರ ಹೇಳಿಕೆಯೂ ಸಾಕ್ಷಿಯಾಗುತ್ತದೆ ಎಂದು ಆ ಕಾಯ್ದೆಯಲ್ಲೇ ಇರುವುದರಿಂದ, ಹೆಗ್ಗರಣೆಯಲ್ಲಿ ಮಗಳ ಮನೆ ಸೇರಿರುವ, ಮಂಡಿ ಹಿಡಿದುಕೊಂಡು ನಡೆಯಲಾಗದ ಕೆರಿಯಜ್ಜನ ಮಾತನ್ನು ನಾವು ಅಲ್ಲಿಗೇ ಹೋಗಿ ಧ್ವನಿಮುದ್ರಿಸಿದೆವು. ಸಿದ್ದಾಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ನಮ್ಮ ದಿನಕರ ಭಟ್ಟರು ಅದನ್ನು ತಾವು ಬೇಲಿಯಾಗಿ ಕೂತ ಬಾಡಿಗೆ ಯಂತ್ರವೊಂದರಲ್ಲಿಟ್ಟು, ಅರ್ಜಿ ವಿಚಾರಿಸುವ ಸಾಹೇಬರು ಶಿರಸಿಯ ಕಚೇರಿಯಲ್ಲಿ ಕೂತಲ್ಲೇ ಕೇಳಬಹುದೆಂದು ವಿಳಾಸ ಬರೆದುಕೊಟ್ಟರು. ಧ್ವನಿಮುದ್ರಿಸಿದ ಉಪಕರಣದಲ್ಲಿದ್ದುದನ್ನು ಅಳಿಸಿ, ಅದನ್ನು ಬಳಗದ ಯಲ್ಲಾಪುರದ ಸಭೆಗೆ ಕಳಿಸಿಯೂ ಬಿಟ್ಟೆವು.

ವಿಚಾರಣೆಯ ದಿನ ಸಾಹೇಬರು ವಿಳಾಸ ಒತ್ತಿದರು, ಕಾದರು, ಇನ್ನೊಮ್ಮೆ ಒತ್ತಿದರು. ತಾವು ಕದಲಲಿಲ್ಲ. ಸಾಕ್ಷ್ಯ ಲಭ್ಯವಿಲ್ಲ ಎಂದು ಬರೆದು ಅವರು ಊಟಕ್ಕೆ ಎದ್ದರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನಾಗಿ ಭಟ್ಟರನ್ನು ಕೇಳಿದ ಮಾತನ್ನು ತಮಗೆ ತಲುಪಿಸುವುದು ನನ್ನ ಕರ್ತವ್ಯ: "ಎಂತದ್ರಾ ಭಟ್ರೇ, ಬಾಗ್ಲೇ ಇಲ್ದಿದ್ ಮನಿಯೊಳಗೆ ಅಜ್ಜನ್ನ ಕೂರ್ಸಿ ಬಂದೀರಲ್ಲ?"

ಅಡ್ಡ ನಿಂತದ್ದು ತಾವೆಂದು ಭಟ್ಟರು ಸಂಜೆ ಕೂತು ಪತ್ತೆಮಾಡಿದರು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಾವು ತಿಳಿದಿರಬೇಕು. ನಮ್ಮ ಬೇಲಿಗಳಲ್ಲಿ ದಣಪೆ ಎಂಬುದಿದೆ; ಎರಡು ಕಂಬಗಳ ನಡುವೆ ಅಡ್ಡ ಸೇರಿಸಿದ ಗಳಗಳು. ಅದು ದನಕ್ಕೆ ತಡೆ, ಮನುಷ್ಯರಿಗಲ್ಲ. ಯಾರು ಬೇಕಾದರೂ ಗಳ ಸರಿಸಿ ಒಳಗೆ ಬರಬಹುದು, ಬಂದವರು ಮತ್ತೆ ಸೇರಿಸಿಯೇ ಹೋಗುತ್ತಾರೆ, ಹಾಗೆ ಹೋಗದವನಿಗೆ ಊರಲ್ಲಿ ಹೆಣ್ಣು ಕೊಡುವುದೂ ಕಷ್ಟ. "ತಡಿ ಮಾರಾಯ, ಎಲ್ಲಾ ದಣಪೆನೂ ತೆಗ್ದಿಡ್ತೆ, ಬಂದವ್ರು ಹಾಕ್ಕಂಡು ಹೋಗ್ತಾರೆ" ಎಂದು ಭಟ್ಟರು ಆ ಯಂತ್ರದ ಬಾಗಿಲುಗಳನ್ನೆಲ್ಲ ಇಡೀ ಲೋಕಕ್ಕೆ ತೆರೆದಿಟ್ಟರು. ಯಾರೂ ಮರೆಯಬಾರದೆಂದು ಗುಪ್ತಪದವಾಗಿ ಊರಿನ ಹೆಸರನ್ನೇ ಇಟ್ಟಿದ್ದರು. ಬೆಳಗಾಗುವುದರೊಳಗೆ ಯಾವ ಯಾವುದೋ ದೇಶದವರು ಒಳನುಗ್ಗಿ, ನಮ್ಮ ಯಂತ್ರದಿಂದ ಜಗತ್ತಿಗೆಲ್ಲ ಕೂದಲು ಬೆಳೆಸುವ ಔಷಧಿಯ ಜಾಹೀರಾತು ಕಳಿಸತೊಡಗಿದ್ದರು. ಹೊರಗೆ ಹೋಗುವುದಕ್ಕೆ ತಾವು ಎಂದೂ ಅಡ್ಡಿಮಾಡುವವರಲ್ಲವಲ್ಲ. ಕಂಪನಿ ಯಂತ್ರವನ್ನೇ ನಿಲ್ಲಿಸಿತು. ನಿಂತರೆ ಒಳಗಿದ್ದದ್ದೆಲ್ಲ ಅಳಿಯುತ್ತದೆಂದು ನಮಗೆ ತಿಳಿದದ್ದು ಆಮೇಲೆ. ಕೆರಿಯಜ್ಜನ ಧ್ವನಿ ಹೋಯಿತು. ನಾಗಿಗೆ ಇದ್ದದ್ದು ಅದೊಂದೇ ಸಾಕ್ಷಿ.

ಅದೇ ವಾರ ಅವಳ ಮನೆಗೆ ನೋಟೀಸು ಬಂತು. ಸಾಕ್ಷ್ಯವಿಲ್ಲದ ಕಾರಣ ನೆಲವನ್ನು ಯಾಕೆ ಬಿಡಿಸಬಾರದು, ಖುದ್ದು ಬಂದು ಉತ್ತರ ಕೊಡು ಎಂದು ಅದರಲ್ಲಿತ್ತು. ನಾವು ಜೀಪು ಮಾಡಿ ಕೆರಿಯಜ್ಜನನ್ನು ಹೆಗ್ಗರಣೆಯಿಂದ ಎತ್ತಿಕೊಂಡೇ ಶಿರಸಿಗೆ ಹೋದೆವು. ಬಾಗಿಲಲ್ಲಿ ನಿಂತ ಹಾವೇರಿ ಕಡೆಯ ಜವಾನರು ತಮ್ಮ ದಾಯಾದಿಯೇ ಇರಬೇಕು. "ಸಾಹೇಬ್ರು ಕರದ್ರ ಅಷ್ಟ ಒಳಗ ಬರ್ರಿ" ಎಂದರು. ನಾಗಿ ನೋಟೀಸು ಬಿಚ್ಚಿ ಅವರ ಮೂಗಿನ ಮುಂದೆ ಹಿಡಿದಳು. ಜವಾನರು ಅವಳನ್ನು ಒಳಗೆ ಬಿಟ್ಟು, ಅಜ್ಜನಿಗೆ ಕೈ ಅಡ್ಡ ಹಿಡಿದು, ಇವರು ಯಾರೆಂದು ಕೇಳಿದರು.

"ಉತ್ರ ತಕಂಬಾ ಅಂದಿದ್ರಲ್ಲ," ಎಂದಳು ನಾಗಿ, "ಇವ್ರೇ ಉತ್ರ."

ಕೇಳಿದ್ದಕ್ಕೆ ಬಂದ ಉತ್ತರವನ್ನು ತಡೆಯುವ ಕಾನೂನು ತಮ್ಮಲ್ಲೂ ಇಲ್ಲ, ಅವರಲ್ಲೂ ಇರಲಿಲ್ಲ. ಅಜ್ಜ ಒಳಗೆ ಹೋಗಿ, ಕುರ್ಚಿ ಕೇಳಿ ಕೂತು, ಹೇಳಿದರು: "ನಾ ಸಣ್ಣಂವ ಇರುವಾಗ ಇವಳ ಅತ್ತಿಯ ಅತ್ತಿ ಆ ಗದ್ದಿಗೆ ನೆಟ್ಟಿ ಮಾಡೂಕೆ ನಮ್ಮನ್ನೆಲ್ಲ ಕರ್ದಿತ್ತು. ಮಧ್ಯಾಹ್ನ ಹಾಕಿದ್ದು ಹಳಸಿದ್ ಗಂಜಿ. ಒಳ್ಳೇ ಊಟ ಆಗಿದ್ರೆ ಮರ್ತು ಹೋಗ್ತಿತ್ತು, ಸಾಹೇಬ್ರೇ." ಗುಮಾಸ್ತರು ಗಂಜಿಯ ಸಮೇತ ಬರೆದುಕೊಂಡರು, ಅಜ್ಜ ಹೆಬ್ಬೆಟ್ಟು ಒತ್ತಿದರು. ತೀರ್ಮಾನ ಇನ್ನೂ ಬಂದಿಲ್ಲ. ಆದರೆ ಸಾಕ್ಷ್ಯ ಲಭ್ಯವಿಲ್ಲ ಎಂದು ಇನ್ನು ಯಾರೂ ಬರೆಯುವಂತಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆ ಒಂದೇ. ತೀರ್ಮಾನ ಬರುವ ತನಕ ತಾವು ದಯಮಾಡಿ ಆ ಕಂಪನಿಯಿಂದ ವರ್ಗ ಮಾಡಿಸಿಕೊಂಡು ಬಂದು ನಾಗಿಯ ಗದ್ದೆಯ ಬದುವಿನ ಮೇಲೆ ನಿಲ್ಲಬೇಕು. ಹೊರಗಿನಿಂದ ಜೀಪಿನಲ್ಲಿ, ಕೋಲು ಹಿಡಿದು, ಸರ್ವೆ ಸರಪಳಿ ಹಿಡಿದು ಯಾರೇ ಬರಲಿ, ನಾಗಿ ಕರೆದಿದ್ದಾಳೆಯೇ ಎಂದು ಕೇಳಬೇಕು, ಇಲ್ಲವಾದರೆ ಬಿಡಕೂಡದು. ಭತ್ತ ಮಾತ್ರ ಹೊರಗೆ ಹೋಗಲಿ. ತಮ್ಮಂಥ ನಿಷ್ಠಾವಂತರು ಇಷ್ಟು ದಿನ ತಪ್ಪು ಬಾಗಿಲಲ್ಲಿ ನಿಂತು ದುಡಿದದ್ದು ನಮಗೆ ನಿಜಕ್ಕೂ ಬೇಸರ ತಂದಿದೆ.

ಒಳಗೆ ಬರಲು ಅಪ್ಪಣೆಯಿಲ್ಲದೆ ಹೊರಗಿನಿಂದಲೇ ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ಉಲ್ಲಾಸ ನಾಯ್ಕ
ಗದ್ದೆ ಉಳಿಸಿ ಬಳಗ

ಮರೆತ ಮಾತು: ಕೆಲಸಕ್ಕೆ ಬರುವುದಾದರೆ ಕಾನಸೂರಿನಲ್ಲಿ ಬಸ್ಸಿಳಿದು ನಾಗಿಯ ಮನೆ ಎಲ್ಲಿ ಎಂದು ಯಾರನ್ನು ಬೇಕಾದರೂ ಕೇಳಿ, ತೋರಿಸುತ್ತಾರೆ. ಕಚೇರಿಯವರನ್ನು ಮಾತ್ರ ಕೇಳಬೇಡಿ. ಅವರ ನಕ್ಷೆಯಲ್ಲಿ ಅಲ್ಲಿ ಮನೆ ಇಲ್ಲ. ನೋಟೀಸು ಅಂಟಿಸಿ ಹೋದದ್ದು ಯಾವ ಬಾಗಿಲಿಗೆ ಎಂದು ನಾವೂ ಕೇಳುತ್ತಲೇ ಇದ್ದೇವೆ.